ಕೋವಿ ಮದ್ದಿಗೆ ಉಕ್ಕಿನ ಬೀರು ಬೇಡ, ಮರದ ಪೆಟ್ಟಿಗೆ ಸಾಕು

ಟೆಕ್ಸಾಸ್‌ನಲ್ಲಿ ನನ್ನ ಭಾವನ ಪಕ್ಕದ ಮನೆಯವರಿಗೆ ಜಿಂಕೆ ಬೇಟೆಯ ಹುಚ್ಚು. ನಿವೃತ್ತರು, ಬೇಕಾದಷ್ಟು ಸಮಯ ಇದೆ. ಗ್ಯಾರೇಜಿನ ಮೂಲೆಯಲ್ಲಿ ಗಟ್ಟಿಯಾದ ಒಂದು ಮೇಜು, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕೈಯಂತ್ರ. ನಮ್ಮ ಶಾವಿಗೆ ಒರಳಿನ ಹಾಗೆ ಹಿಡಿಕೆ ಎಳೆದರೆ ಕೆಲಸ ಆಗುತ್ತದೆ. ಒಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸನ್ನು ಸರಿಪಡಿಸಿ, ಹೊಸ ಪ್ರೈಮರ್ (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಕೇಪು) ಕೂರಿಸಿ, ಅಳತೆ ಮಾಡಿದ ಮದ್ದು ಸುರಿದು, ಮೇಲೆ ಗುಂಡು ಒತ್ತಿದರೆ ಹೊಸ ತೋಟಾ ರೆಡಿ. ಇದಕ್ಕೆ ರೀಲೋಡಿಂಗ್ ಅಂತಾರೆ. ಅಮೆರಿಕದಲ್ಲಿ ಇದು ಮಾಮೂಲಿ ಹವ್ಯಾಸ.

ಕೆಲಸ ಗ್ಯಾರೇಜಿನಲ್ಲಿ, ಆದರೆ ಮದ್ದು ಅಲ್ಲಿಲ್ಲ. ಅದು ಮನೆಯೊಳಗೆ, ಎಸಿ ಗಾಳಿ ಬರುವ ಸಣ್ಣ ಸ್ಟೋರ್ ರೂಮಿನಲ್ಲಿ, ಗಾಲಿ ಹಾಕಿದ ಮರದ ಪೆಟ್ಟಿಗೆಯಲ್ಲಿದೆ. ಪಕ್ಕದಲ್ಲೇ ಬಂದೂಕುಗಳ ಉಕ್ಕಿನ ಸೇಫ್ ನಿಂತಿದೆ, ನಮ್ಮ ಬೀರುವಿನ ಎರಡರಷ್ಟು ದಪ್ಪ.

"ಅಲ್ಲ ಭಾವ, ಅಷ್ಟು ಗಟ್ಟಿ ಬೀರು ಇಟ್ಕೊಂಡು ಮದ್ದನ್ನ ಹಲಗೆ ಪೆಟ್ಟಿಗೆಯಲ್ಲಿ ಇಟ್ಟಿದಾರಲ್ಲ?" ಅಂತ ಕೇಳಿದೆ.

"ನಾನೂ ಅದನ್ನೇ ಕೇಳ್ದೆ ಕಣೋ. ಬೀರುವಲ್ಲಿಟ್ರೆ ಅದೇ ಬಾಂಬ್ ಆಗುತ್ತೆ ಅಂದ್ರು."

ಈ ಲೇಖನ ಹೊರಟಿದ್ದು ಈ ಒಂದು ಮಾತಿನಿಂದ. ಬೆಲೆಬಾಳುವುದನ್ನು, ಅಪಾಯದ್ದನ್ನು ಗಟ್ಟಿ ಜಾಗದಲ್ಲಿ ಬೀಗ ಹಾಕಿ ಇಡಬೇಕು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಈ ಮದ್ದಿನ ವಿಷಯದಲ್ಲಿ ಆ ಬುದ್ಧಿ ಉಲ್ಟಾ ಹೊಡೆಯುತ್ತದೆ.

ಮೊದಲು, ಈಗ ಇದು ಯಾಕೆ ದೊಡ್ಡ ವಿಷಯ ಅಂತ ನೋಡೋಣ. ಅಲ್ಲಿ ಮದ್ದನ್ನು ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ, ತೋಟಾಗೆ ತುಂಬುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. 9 ಎಂಎಂ ಪಿಸ್ತೂಲಿನ ತೋಟಾಗೆ ಸುಮಾರು 5 ಗ್ರೇನ್ ಸಾಕು, ಅಂದರೆ ಒಂದು ಪೌಂಡಿನಲ್ಲಿ 1,400 ತೋಟಾ. ಜಿಂಕೆ ಬೇಟೆಯ ದೊಡ್ಡ ರೈಫಲ್ಲಿಗೆ 40-45 ಗ್ರೇನ್ ಬೇಕು, ಅಲ್ಲಿ ಪೌಂಡು 160 ತೋಟಾಗೆ ಮುಗಿಯುತ್ತದೆ. ಹವ್ಯಾಸಕ್ಕೆ ಮಾಡುವವರಿಗೆ ವರ್ಷಕ್ಕೆ ನಾಲ್ಕೈದು ಪೌಂಡ್ ಇದ್ದರೆ ಧಾರಾಳ.

ಆದರೆ ಯಾರೂ ನಾಲ್ಕೈದು ಪೌಂಡಿಗೆ ನಿಲ್ಲುತ್ತಿಲ್ಲ. ಕೋವಿಡ್ ಕಾಲದಲ್ಲಿ ಅಂಗಡಿಗಳಲ್ಲಿ ಮದ್ದು, ಪ್ರೈಮರ್ ಎರಡೂ ಖಾಲಿಯಾದವು. ಆ ಭಯ ಇನ್ನೂ ಹೋಗಿಲ್ಲ. ಅದರ ಹಿಂದೆಯೇ ಉಕ್ರೇನ್ ಯುದ್ಧ ಬಂತು. ಫಿರಂಗಿಯ ಮದ್ದಿಗೂ ಬೇಟೆ ರೈಫಲ್ಲಿನ ಮದ್ದಿಗೂ ಮೂಲವಸ್ತು ಒಂದೇ, ನೈಟ್ರೋಸೆಲ್ಯುಲೋಸ್. 2023ರ ಕೊನೆಯಲ್ಲಿ ಅಮೆರಿಕದ ವಿಸ್ಟಾ ಔಟ್‌ಡೋರ್ ಅನ್ನುವ ತೋಟಾ ಕಂಪನಿ ಜಗತ್ತಿನಾದ್ಯಂತ ಮದ್ದಿನ ಕೊರತೆ ಬರಲಿದೆ ಅಂತ ಹೇಳಿ ಬೆಲೆ ಏರಿಸಿತು. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಮದ್ದುಗುಂಡು ತಯಾರಿಕೆ ಹೆಚ್ಚಿಸಲು 50 ಕೋಟಿ ಯೂರೋ ಹಂಚಿತು. ಅದರಲ್ಲಿ ಮುಕ್ಕಾಲು ಪಾಲು ಹೋಗಿದ್ದು ಮದ್ದು ಮತ್ತು ಸ್ಫೋಟಕಗಳಿಗೆ. ನೈಟ್ರೋಸೆಲ್ಯುಲೋಸ್ ಆಗುವುದು ಮುಖ್ಯವಾಗಿ ಹತ್ತಿಯಿಂದ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬಿಡಿಸಿದ ಮೇಲೂ ಬೀಜಕ್ಕೆ ಅಂಟಿಕೊಂಡಿರುತ್ತಲ್ಲ ಸಣ್ಣ ನವಿರು, ಅದೇ. ರಾಯಚೂರು, ಹಾವೇರಿ ಕಡೆಯವರು ದಿನಾ ನೋಡುವ ವಸ್ತು. ಆ ನವಿರಿಗೆ ಯುರೋಪು ಬಹುಪಾಲು ಚೀನಾವನ್ನು ನೆಚ್ಚಿಕೊಂಡಿದೆ.

ಇನ್ನೊಂದು ಕಾರಣ ಚಿಲ್ಲರೆಯದ್ದು, ಆದರೆ ಮನೆಯಲ್ಲಿ ಮದ್ದು ಪೇರಿಸಿಕೊಳ್ಳುವುದಕ್ಕೆ ಅದೇ ಜಾಸ್ತಿ ಕಾರಣ ಅಂತ ನನಗನ್ನಿಸುತ್ತದೆ. ಮದ್ದನ್ನು ಆನ್‌ಲೈನಿನಲ್ಲಿ ತರಿಸಿದರೆ ಅಪಾಯಕಾರಿ ಸರಕು ಅಂತ ಪ್ರತಿ ಪಾರ್ಸೆಲ್ಲಿಗೆ ಬೇರೆ ಶುಲ್ಕ ಕೊಡಬೇಕು. ಒಂದು ಪೌಂಡ್ ತರಿಸಿದರೂ ಅಷ್ಟೇ, ನಲವತ್ತು ತರಿಸಿದರೂ ಅಷ್ಟೇ. ಹಾಗಾಗಿ ಎಲ್ಲರೂ 8 ಪೌಂಡಿನ ದೊಡ್ಡ ಡಬ್ಬ ತಗೊಳ್ತಾರೆ, ಒಂದರ ಜೊತೆ ಇನ್ನೊಂದು. ಅಪಾಯ ಕಡಿಮೆ ಮಾಡಲಿ ಅಂತ ಹಾಕಿದ ಶುಲ್ಕವೇ ಮನೆಯಲ್ಲಿ ಸ್ಟಾಕ್ ಹೆಚ್ಚಿಸುತ್ತಿದೆ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಬರೆದ 495ನೇ ಸಂಹಿತೆ ಇದಕ್ಕೆ ಮಿತಿ ಹಾಕಿದೆ. ಮನೆಯಲ್ಲಿ 20 ಪೌಂಡ್, ಅಂದರೆ ಸುಮಾರು 9 ಕೆಜಿವರೆಗೆ, ಕಂಪನಿ ಕೊಟ್ಟ ಮೂಲ ಡಬ್ಬದಲ್ಲೇ ಇಡಬಹುದು. 20 ದಾಟಿ 50 ಪೌಂಡ್‌ವರೆಗೆ ಬೇಕಾದರೆ ಒಂದು ಇಂಚಿನ ಹಲಗೆಯ ಮರದ ಪೆಟ್ಟಿಗೆ ಅಥವಾ ಕಪಾಟು ಕಡ್ಡಾಯ. ಈಗ ಲೆಕ್ಕ ಹಾಕಿ. ಎರಡು ದೊಡ್ಡ ಡಬ್ಬ ಅಂದರೆ 16 ಪೌಂಡ್, ಯಾವ ತಕರಾರೂ ಇಲ್ಲ. ಮೂರನೆಯದು ಮನೆಗೆ ಬಂದ ದಿನ 24. ಬಹಳ ಮಂದಿಗೆ ಗೆರೆ ದಾಟಿದ್ದು ಗೊತ್ತೇ ಆಗುವುದಿಲ್ಲ. ಎನ್‌ಎಫ್‌ಪಿಎ ಬರೆದದ್ದು ತಾನಾಗಿಯೇ ಕಾನೂನಲ್ಲ, ರಾಜ್ಯವೋ ನಗರವೋ ಒಪ್ಪಿಕೊಂಡಾಗ ಕಾನೂನಾಗುತ್ತದೆ. ಕೆಲವು ಕಡೆ ಮಿತಿ ಇನ್ನೂ ಬಿಗಿ. ಅಲ್ಲಿರುವ ಕನ್ನಡಿಗರಲ್ಲಿ ಈ ಹವ್ಯಾಸ ಹಿಡಿದವರು ಮೊದಲು ತಮ್ಮ ಊರಿನ ಅಗ್ನಿಶಾಮಕ ಕಚೇರಿಗೆ ಒಂದು ಫೋನ್ ಮಾಡುವುದು ಒಳ್ಳೇದು.

ಈಗ ಮರದ ಪೆಟ್ಟಿಗೆಯ ಗುಟ್ಟು. ದೀಪಾವಳಿಯಲ್ಲಿ ಟುಸ್ ಆದ ಪಟಾಕಿಗಳನ್ನು ಆರಿಸಿ, ಮುರಿದು, ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರಿದ್ದು ನೆನಪಿದೆಯಾ? (ಮಾಡಬಾರದಿತ್ತು, ಮಾಡಿದ್ವಿ.) ಬುಸ್ ಅಂತ ಉರಿದು ಹೋಗುತ್ತಿತ್ತು, ಅಷ್ಟೇ. ಅದೇ ಮದ್ದು ಸುತ್ತಿ ಬಿಗಿದ ಕಾಗದದೊಳಗಿದ್ದರೆ ಢಂ. ಪಟಾಕಿಯ ಮದ್ದೇ ಬೇರೆ, ರೀಲೋಡಿಂಗ್ ಮದ್ದೇ ಬೇರೆ. ಆದರೆ ಈ ಒಂದು ಪಾಠ ಎರಡಕ್ಕೂ ಒಂದೇ. ಹೊಗೆರಹಿತ ಮದ್ದು, ಅಂದರೆ ಈ ರೀಲೋಡಿಂಗ್ ಮದ್ದು, ತೆರೆದ ಜಾಗದಲ್ಲಿ ಹೊತ್ತಿಕೊಂಡರೆ ಜೋರಾಗಿ ಉರಿಯುತ್ತದೆ. ಸಿಡಿಯುವುದು ಅದಕ್ಕೆ ದಾರಿ ಸಿಗದಿದ್ದಾಗ. ಬೆಂಕಿಯ ಬಿಸಿ ಮತ್ತು ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ, ವೇಗ ಏರಿದಂತೆ ಒತ್ತಡ ಇನ್ನೂ ಜಾಸ್ತಿ. ಬಂದೂಕಿನ ನಳಿಗೆಯೊಳಗೆ ನಮಗೆ ಬೇಕಾದದ್ದೇ ಇದು. ಸ್ಟೋರ್ ರೂಮಿನ ಉಕ್ಕಿನ ಸೇಫಿನೊಳಗೆ ಬೇಡವಾದದ್ದೂ ಇದೇ.

ಕುಕ್ಕರಿನ ಸೇಫ್ಟಿ ವಾಲ್ವ್ ನೆನೆಸಿಕೊಳ್ಳಿ. ಕುಕ್ಕರಿನಲ್ಲಿ ಬೇಕಂತಲೇ ದುರ್ಬಲ ಮಾಡಿಟ್ಟ ಜಾಗ ಅದು. ಮದ್ದಿನ ಪ್ಲಾಸ್ಟಿಕ್ ಡಬ್ಬಗಳನ್ನೂ ಹಾಗೇ ಮಾಡಿರುತ್ತಾರೆ, ಬೆಂಕಿ ಬಿದ್ದರೆ ಒತ್ತಡ ಏರುವ ಮೊದಲೇ ಬಾಯಿ ಬಿಡುವ ಹಾಗೆ. ಅಮೆರಿಕದ ತೋಟಾ ತಯಾರಕರ ಒಕ್ಕೂಟ ಸಾಮಿ ಹೇಳುವುದೂ ಇದನ್ನೇ: ಕಪಾಟು ಶಾಖ ತಡೆಯುವ ವಸ್ತುವಿನದಾಗಿರಲಿ, ಆದರೆ ಅದರ ಒಂದು ಗೋಡೆಯೋ ಸಂದೋ ಸುಲಭವಾಗಿ ಬಿಟ್ಟುಕೊಳ್ಳುವ ಹಾಗಿರಲಿ. ಒಂದಿಂಚಿನ ಹಲಗೆ ಎರಡೂ ಕೆಲಸ ಮಾಡುತ್ತದೆ. ಹೊರಗೆ ಮನೆಗೆ ಬೆಂಕಿ ಬಿದ್ದರೆ ಒಳಗಿನ ಮದ್ದಿಗೆ ಬಿಸಿ ತಟ್ಟುವುದನ್ನು ಸ್ವಲ್ಪ ಹೊತ್ತು ತಡೆದು ಮನೆಯವರಿಗೂ ಅಗ್ನಿಶಾಮಕದವರಿಗೂ ಸಮಯ ಕೊಡುತ್ತದೆ. ಒಳಗೆ ಹೊತ್ತಿಕೊಂಡರೆ ಮೊಳೆ ಕಿತ್ತುಕೊಂಡು ದಾರಿ ಬಿಡುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಬೇಕಾದದ್ದು ಕೋಣೆಗೆ, ಪೆಟ್ಟಿಗೆಯನ್ನು ಕಬ್ಬಿಣದ ಪಟ್ಟಿ ಹೊಡೆದು ಬಿಗಿಯುವುದಲ್ಲ.

ಇನ್ನೊಂದು ವಿಷಯ. ಕಂಬಳಿ ಮುಚ್ಚಿ ಗಾಳಿ ತಡೆದರೆ ಬೆಂಕಿ ಆರುತ್ತದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇದೆ. ಹೊತ್ತಿಕೊಂಡ ಮೇಲೆ ಮನೆಯವರ ಕೆಲಸ ಒಂದೇ, ಹೊರಗೆ ಓಡುವುದು.

ಹಾಗಾದರೆ "ಸುಡುತ್ತೆ, ಸಿಡಿಯಲ್ಲ" ಅಂತ ಧೈರ್ಯವಾಗಿ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದಾ? ಇಲ್ಲ. ರಾಶಿ ದೊಡ್ಡದಾದರೆ ಮೇಲಿನ ಮದ್ದಿನ ಭಾರವೇ ಕೆಳಗಿನ ಮದ್ದನ್ನು ಬಿಗಿಹಿಡಿಯುತ್ತದೆ. ಉಕ್ಕಿನ ಗೋಡೆ ಬೇಕಾಗುವುದಿಲ್ಲ. ಇಪ್ಪತ್ತು, ಐವತ್ತು ಅಂತ ಗೆರೆ ಎಳೆದಿರುವುದು ಸುಮ್ನೆ ಅಲ್ಲ.

ಲೂಸಿಯಾನಾ ರಾಜ್ಯದ ಕ್ಯಾಂಪ್ ಮಿಂಡನ್‌ನಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಆಯಿತು. ಸೇನೆಯ ಹಳೆಯ ಫಿರಂಗಿ ಮದ್ದನ್ನು ವಿಲೇವಾರಿ ಮಾಡುವ ಗುತ್ತಿಗೆ ಎಕ್ಸ್‌ಪ್ಲೋ ಸಿಸ್ಟಮ್ಸ್ ಅನ್ನುವ ಕಂಪನಿಗೆ ಸಿಕ್ಕಿತ್ತು. 2012ರ ಅಕ್ಟೋಬರ್ 15ರ ರಾತ್ರಿ ಅಲ್ಲಿನ ಒಂದು ಬಂಕರ್ ಸಿಡಿಯಿತು. ಅದರಲ್ಲಿದ್ದದ್ದು 1,24,000 ಪೌಂಡಿನಷ್ಟು ಹೊಗೆರಹಿತ ಮದ್ದು. ಮೈಲುಗಟ್ಟಲೆ ದೂರದ ಮನೆಗಳ ಕಿಟಕಿ ಗಾಜು ಪುಡಿಯಾದವು. ತನಿಖೆಗೆ ಹೋದ ಪೊಲೀಸರು ಕಂಡದ್ದು ಇನ್ನೂ ಭಯಂಕರ: ಎಂ6 ಅನ್ನುವ ಮದ್ದು ಲಕ್ಷಾಂತರ ಪೌಂಡ್ ಲೆಕ್ಕದಲ್ಲಿ ಹೊರಗೆ, ಬಿಸಿಲು ಮಳೆಗೆ ಬಿದ್ದಿತ್ತು. ಪಕ್ಕದ ಡಾಯ್ಲಿನ್ ಊರನ್ನು ಖಾಲಿ ಮಾಡಿಸಿದರು. ಒಟ್ಟು ಲೆಕ್ಕ ಒಂದೂವರೆ ಕೋಟಿ ಪೌಂಡ್ ಮುಟ್ಟಿತು. ಕಂಪನಿ ದಿವಾಳಿ ಆಯಿತು. ಬಯಲಲ್ಲಿ ಸುಟ್ಟುಬಿಡೋಣ ಅಂತ ಸರ್ಕಾರ ಹೇಳಿದಾಗ ಊರಿನವರು ಹೊಗೆ ನಾವು ಕುಡಿಯಲ್ಲ ಅಂತ ಹಟ ಹಿಡಿದರು, ಗೆದ್ದರು. ಕೊನೆಗೆ ಮುಚ್ಚಿದ ಕುಲುಮೆ ತರಿಸಿ, ಹೊಗೆ ಶುದ್ಧ ಮಾಡುತ್ತಾ ಸುಟ್ಟು ಮುಗಿಸುವಾಗ 2017 ಬಂದಿತ್ತು.

ಮಿಂಡನ್‌ನಲ್ಲಿ ಜನರ ನಿದ್ದೆ ಕೆಡಿಸಿದ್ದು ಬರೀ ತೂಕ ಅಲ್ಲ, ವಯಸ್ಸು. ಮನೆಯಲ್ಲಿ ಒಂದೇ ಡಬ್ಬ ಇಟ್ಟವರಿಗೂ ಸಂಬಂಧಪಟ್ಟದ್ದು ಇದೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಹಳೆ ಕಾಲದ ಕಪ್ಪು ಮದ್ದು ಅಂದರೆ ಗಂಧಕ, ಇದ್ದಿಲು, ಪೆಟ್ಲುಪ್ಪು. ಒಣಗಿದ್ದರೆ ನೂರು ವರ್ಷವಾದರೂ ಅದು ಹಾಗೇ ಇರುತ್ತದೆ. ಆದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಕಂಡುಹಿಡಿದ ಹೊಗೆರಹಿತ ಮದ್ದಿನ ಗುಣ ಪೂರಾ ಉಲ್ಟಾ. ಕಿಡಿಗೆ ಅಷ್ಟು ಬೇಗ ಬಗ್ಗುವುದಿಲ್ಲ, ಆದರೆ ಕೊಳೆಯುತ್ತದೆ. ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನವಾಗಿ ಒಡೆಯುತ್ತಾ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಆ ಅನಿಲ ಉಳಿದ ಮದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಒಡೆಯುವಾಗ ಬಿಸಿ ಹುಟ್ಟುತ್ತದೆ. ಸಣ್ಣ ಡಬ್ಬದಲ್ಲಿ ಆ ಬಿಸಿ ಹೊರಗೆ ಹೋಗಿಬಿಡುತ್ತದೆ. ದೊಡ್ಡ ರಾಶಿಯ ನಡುವೆ ಅದು ಸಿಕ್ಕಿಕೊಂಡು ಏರುತ್ತಾ ಹೋದರೆ ಕಡ್ಡಿ ಗೀರುವವರೇ ಬೇಡ.

ಇದನ್ನು ಫ್ರೆಂಚರು ಬಹಳ ಬೆಲೆ ತೆತ್ತು ಕಲಿತರು. ಟೂಲಾನ್ ಬಂದರಿನಲ್ಲಿ ನಿಂತಿದ್ದ ಇಯೆನಾ ಯುದ್ಧನೌಕೆ 1907ರ ಮಾರ್ಚ್‌ನಲ್ಲಿ, ಅದೇ ಬಂದರಿನಲ್ಲಿ ಲಿಬೆರ್ತೆ ನೌಕೆ 1911ರ ಸೆಪ್ಟೆಂಬರ್‌ನಲ್ಲಿ ಸಿಡಿದವು. ಶತ್ರು ಯಾರೂ ಇರಲಿಲ್ಲ. ಹಳಸಿದ ಮದ್ದೇ ಕಾರಣ ಅಂತ ಬೊಟ್ಟು ಮಾಡಿದರು. ಈಗಿನ ಮದ್ದಿನಲ್ಲಿ ಡೈಫಿನೈಲ್‌ಅಮೈನ್‌ನಂಥ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಹುಟ್ಟಿದ ಅನಿಲವನ್ನು ಅದು ಆಗಿಂದಾಗ್ಗೆ ಗುಡಿಸಿ ಹಾಕುತ್ತಾ ಇರುತ್ತದೆ. ಆದರೆ ಪೊರಕೆ ಸವೆಯುತ್ತದೆ ಅಲ್ವಾ? ತಂಪಾದ ಒಣ ಜಾಗದಲ್ಲಿ ಇಟ್ಟ ಡಬ್ಬ ಹಲವು ದಶಕ ಬಾಳುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಟೆಕ್ಸಾಸ್ ಗ್ಯಾರೇಜಿನಲ್ಲಿ, ಅದೂ ನೀರು ಕಾಯಿಸುವ ಗ್ಯಾಸ್ ಹೀಟರಿನ ಪಕ್ಕದಲ್ಲಿ ಇಟ್ಟರೆ ಅಷ್ಟು ಬಾಳುವುದಿಲ್ಲ.

ಹಳಸಿದ್ದು ಹೇಗಿರುತ್ತದೆ ಅಂತ ಆ ಪಕ್ಕದ ಮನೆಯವರೇ ನಮಗೆ ತೋರಿಸಿದರು. ಅವರ ತಂದೆ ಬಿಟ್ಟುಹೋದ ಸಾಮಾನಿನಲ್ಲಿ ಒಂದು ತಗಡಿನ ಡಬ್ಬ ಇತ್ತು. ಅಂಗಳಕ್ಕೆ ತಂದು ಮುಚ್ಚಳ ತಿರುಗಿಸಿದರು. ಮುಚ್ಚಳದ ಒಳಗೆ ತುಕ್ಕು. ಕಾಳುಗಳ ಮೇಲೆ ಇಟ್ಟಿಗೆ ಪುಡಿಯಂಥ ಕಂದು ದೂಳು. ಒಳ್ಳೆಯ ಮದ್ದಿಗೆ ನೇಲ್ ಪಾಲಿಷ್ ತೆಗೆಯುವ ದ್ರವದಂಥ ತೆಳ್ಳನೆ ವಾಸನೆ ಇರುತ್ತದೆ. ಇದು ಮೂಗಿಗೆ ಚುಚ್ಚಿತು, ಆಸಿಡ್ ಬಾಟಲಿ ತೆರೆದ ಹಾಗೆ. ಅವರು ಏನೂ ಮಾತಾಡದೆ ಮುಚ್ಚಳ ಸಡಿಲ ಬಿಟ್ಟು, ಡಬ್ಬವನ್ನು ನೆರಳಲ್ಲಿ ಮನೆಯಿಂದ ದೂರ ಇಟ್ಟು, ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಕಸದ ಬುಟ್ಟಿಗೆ ಹಾಕಲಿಲ್ಲ, ಚರಂಡಿಗೂ ಸುರಿಯಲಿಲ್ಲ.

ಪ್ರೈಮರ್ ವಿಷಯಕ್ಕೆ ಬಂದರೆ, ಇಡೀ ಮೇಜಿನ ಮೇಲೆ ನಿಜವಾಗಿ ಸಿಡಿಯುವ ವಸ್ತು ಅದು. ಬಟಾಣಿಗಿಂತ ಚಿಕ್ಕದು, ಪೆಟ್ಟು ಬಿದ್ದರೆ ಸಿಡಿಯಲಿ ಅಂತಲೇ ಮಾಡಿದ್ದು. ಎನ್‌ಎಫ್‌ಪಿಎ ಪ್ರಕಾರ ಮನೆಯಲ್ಲಿ 10,000 ಮಿತಿ. ಅವು ಬರುವ ಟ್ರೇಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗುಳಿ ಇರುತ್ತದೆ, ಒಂದು ಸಿಡಿದರೆ ಪಕ್ಕದ್ದಕ್ಕೆ ತಗುಲದಿರಲಿ ಅಂತ. ಜಾಗ ಉಳಿಸೋಣ ಅಂತ ಎಲ್ಲವನ್ನೂ ಒಂದು ಹಾರ್ಲಿಕ್ಸ್ ಬಾಟಲಿಗೆ ಸುರಿದಿಟ್ಟರೆ ಒಂದರ ಹಿಂದೆ ಒಂದಲ್ಲ, ಎಲ್ಲ ಒಟ್ಟಿಗೇ ಹೋಗುತ್ತವೆ. ಮದ್ದಿನ ಪೆಟ್ಟಿಗೆಯಲ್ಲಂತೂ ಇವನ್ನು ಇಡಲೇಬಾರದು.

ಡಬ್ಬ ಬದಲಿಸಬಾರದು ಅನ್ನುವುದಕ್ಕೆ ಬೆಂಕಿಯಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಮದ್ದುಗಳನ್ನು ಕಣ್ಣಲ್ಲಿ ನೋಡಿ ಗುರುತು ಹಿಡಿಯುವುದು ಕಷ್ಟ, ಗ್ರಾಫೈಟ್ ಲೇಪಿಸಿದ ಬೂದುಗಪ್ಪು ಚೂರುಗಳು ಎಲ್ಲವೂ ಒಂದೇ ಥರ. ಹೆಸರುಗಳೂ ಸಹಾಯ ಮಾಡಲ್ಲ. ಎಚ್ 4350 ಅಂತ ಒಂದಿದೆ, ಐಎಂಆರ್ 4350 ಅಂತ ಇನ್ನೊಂದಿದೆ. ಎರಡಕ್ಕೂ ಅಳತೆ ಬೇರೆ. ಆದರೆ ಎಚ್‌ಪಿ 38 ಮತ್ತು ವಿಂಚೆಸ್ಟರ್ 231 ಅಂತ ಬೇರೆ ಬೇರೆ ಹೆಸರಿನಲ್ಲಿ ಮಾರುವುದು ಒಂದೇ ಮದ್ದು! ನಿಧಾನವಾಗಿ ಉರಿಯುವ ರೈಫಲ್ ಮದ್ದಿನ ಜಾಗಕ್ಕೆ ಬೇಗ ಉರಿಯುವ ಪಿಸ್ತೂಲ್ ಮದ್ದು ಬಿದ್ದರೆ ಬಂದೂಕು ಕೈಯಲ್ಲೇ ಒಡೆಯುತ್ತದೆ. ಹಾಗಾಗಿ ತಿಳಿದವರು ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬ ಇಡುತ್ತಾರೆ. ಅಳತೆ ಯಂತ್ರದ ಕೊಳವೆಯಲ್ಲಿ ಉಳಿದದ್ದನ್ನು ಅವತ್ತೇ ವಾಪಸ್ ಅದೇ ಡಬ್ಬಕ್ಕೆ ಸುರಿಯುತ್ತಾರೆ. ರಾತ್ರಿ ಬಿಟ್ಟರೆ ಬೆಳಗ್ಗೆ ಅದು ಯಾವ ಮದ್ದು ಅಂತ ಅನುಮಾನ, ಜೊತೆಗೆ ಕೆಲವು ಮದ್ದು ಪ್ಲಾಸ್ಟಿಕ್ ಕೊಳವೆಯನ್ನೇ ತಿಂದು ಮಂಕು ಮಾಡುತ್ತವೆ. ಯಾವುದು ಅಂತ ಗೊತ್ತಿಲ್ಲದ ಮದ್ದು ಎಷ್ಟೇ ದುಬಾರಿಯಾಗಿದ್ದರೂ ಅದರ ಜಾಗ ವಿಲೇವಾರಿಗೆ. ನೆಲಕ್ಕೆ ಚೆಲ್ಲಿದರೆ ಬ್ರಷ್ಷು ಮೊರ ಹಿಡಿದು ಬಳಿಯಬೇಕು. ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಅದರ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದು.

ನಮ್ಮ ಕಡೆಗೆ ಇದರ ನಂಟು ಎಷ್ಟು? ಕುನ್ನೂರಿನಿಂದ ಊಟಿಗೆ ಪುಟಾಣಿ ರೈಲಿನಲ್ಲಿ ಹೋದವರು ಅರುವಂಕಾಡು ನಿಲ್ದಾಣ ನೋಡಿರುತ್ತೀರಿ. ಅಲ್ಲಿನ ಕಾರ್ಡೈಟ್ ಕಾರ್ಖಾನೆಯನ್ನು ಬ್ರಿಟಿಷರು 1903ರಲ್ಲಿ ಕಟ್ಟಿದ್ದೇ ಹೊಗೆರಹಿತ ಮದ್ದಿಗಾಗಿ. ಮನೆಯಲ್ಲಿ ತೋಟಾ ತುಂಬುವುದು ಮಾತ್ರ ನಮ್ಮಲ್ಲಿ ಬೇರೆ ಮಾತು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ತೋಟಾ ತಯಾರಿಸುವುದಕ್ಕಲ್ಲ.

ಆದರೂ ಒಂದು ಕಡೆ ನಮ್ಮ ಭಾಷೆಯೇ ನಮಗೆ ಕೈಕೊಡುತ್ತದೆ. ಕೇಪಿನ ಕೋವಿಗೆ ತುಂಬುವ ಕಪ್ಪು ಪುಡಿಯೂ ನಮಗೆ ಮದ್ದು, ತೋಟಾದೊಳಗಿನದ್ದೂ ಮದ್ದು. ಮಲೆನಾಡಿನಲ್ಲಿ ಹಂದಿ ಕಾಟಕ್ಕೆ ಕೇಪಿನ ಕೋವಿ ಇಟ್ಟುಕೊಂಡವರು ಕಪ್ಪು ಮದ್ದು ಮುಗಿದಾಗ ಹಳೇ ತೋಟಾ ಒಡೆದು ಅದರ ಮದ್ದನ್ನು ನಳಿಗೆಗೆ ಸುರಿದರೆ? ಕಪ್ಪು ಮದ್ದಿನ ಒತ್ತಡ ತಡೆಯಲು ಮಾಡಿದ ನಳಿಗೆ ಸೀಳಿ ಹೋಗುತ್ತದೆ. ಹಿಡಿದ ಕೈ, ಕೆನ್ನೆಗೊತ್ತಿದ ಮುಖ ಅದರ ಪಕ್ಕದಲ್ಲೇ ಇರುತ್ತದೆ. ಇನ್ನು ಮಳೆಗಾಲದಲ್ಲಿ ಒಣಗಿರಲಿ ಅಂತ ಕಪ್ಪು ಮದ್ದನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸುವ ಯೋಚನೆ ಬಂದರೆ, ಒಂದು ಕಿಡಿ ಸಾಕು ಅಂತ ಆಗಲೇ ಹೇಳಿದೆನಲ್ಲ.

ಟೆಕ್ಸಾಸಿನ ಆ ಪೆಟ್ಟಿಗೆಯಲ್ಲಿ ಈಗ ಮೂರು ದೊಡ್ಡ ಡಬ್ಬ ಇವೆ. ಪ್ರತಿಯೊಂದರ ಮೇಲೂ ಬಿಳಿ ಟೇಪು, ಅದರ ಮೇಲೆ ಮಾರ್ಕರಿನಲ್ಲಿ ತಂದ ತಾರೀಕು, ತೆರೆದ ತಾರೀಕು. ಮೊನ್ನೆ ಭಾವ ಫೋನಿನಲ್ಲಿ ಹೇಳಿದರು, ಅಂಗಡಿಯಿಂದ ಪಕ್ಕದ ಮನೆಯವರಿಗೆ ಮೆಸೇಜ್ ಬಂದಿದೆಯಂತೆ, ಹೊಸ ಸ್ಟಾಕ್ ಬಂದಿದೆ, ಬೇಗ ಬನ್ನಿ ಅಂತ. "ಏನ್ಮಾಡಿದ್ರು?" ಅಂದೆ. "ಪೆಟ್ಟಿಗೆ ಮುಚ್ಚಳ ತೆಗ್ದು ನೋಡಿದ್ರು. ಮೊದ್ಲು ಇರೋದು ಮುಗಿಸ್ತೀನಿ ಅಂತ ಮತ್ತೆ ಮುಚ್ಚಿದ್ರು."